ನೀರುಳ್ಳಿಗೆ ನಟ್ಟಿ ಮಾಡಿದ ವರ್ಷ

ಹೋದ ತಿಂಗಳು ರಿಪ್ಪನ್‌ಪೇಟೆಯಲ್ಲಿ ಹೊಸನಗರದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ಒಬ್ಬಳು ಹೆಂಗಸು ಗೋಣಿ ಹಾಸಿಕೊಂಡು, ಆಗತಾನೆ ಕಿತ್ತು ತಂದ ಸಣ್ಣ ನೀರುಳ್ಳಿಯನ್ನು ಸೊಪ್ಪಿನ ಸಮೇತ ಕಟ್ಟು ಕಟ್ಟಿ ಇಟ್ಟಿದ್ದಳು. ಬೇರಿನಲ್ಲಿ ಇನ್ನೂ ಒದ್ದೆ ಮಣ್ಣಿತ್ತು. ಒದ್ದೆ ಮಣ್ಣು ಮತ್ತು ಹಸಿ ನೀರುಳ್ಳಿ ಸೇರಿದರೆ ಒಂದು ವಾಸನೆ ಬರುತ್ತದೆ. ಅಡುಗೆಮನೆಯಲ್ಲಿ ಹೆಚ್ಚುವಾಗ ಬರುವುದಲ್ಲ ಅದು. ಕಣ್ಣಿನ ತಂಟೆಗೆ ಹೋಗದೆ ನೇರ ಗಂಟಲಿಗೆ ಇಳಿಯುವಂಥದ್ದು. ನಾನು ಬಸ್ಸು ಬರುವ ದಿಕ್ಕು ಬಿಟ್ಟು ಅವಳ ಕಡೆ ತಿರುಗಿದೆ.

"ಗೆಡ್ಡೆದಾ, ಬೀಜದ್ದಾ?" ಎಂದು ಕೇಳಿದೆ.

"ಬೀಜದ್ದು. ನೋಡಿದ್ರೆ ಗೊತ್ತಾಗಲ್ವಾ? ಒಂಟಿ ಒಂಟಿ ಇದಾವಲ್ಲ" ಎಂದಳು.

ಗೊತ್ತಾಗುತ್ತಿತ್ತು. ಅದು ಗೊತ್ತಾಗಲು ನನಗೆ ಇಡೀ ಒಂದು ಬೇಸಿಗೆ ಹಿಡಿದಿತ್ತು, ಅಷ್ಟೆ.

ಎಂಬತ್ತರ ದಶಕದ ಮೊದಮೊದಲ ವರ್ಷಗಳು. ನಾನು ಕೋಣಂದೂರಿನ ಕಡೆ ಗ್ರಾಮಸೇವಕನಾಗಿದ್ದೆ. ಹುಟ್ಟಿದ್ದು ಸಾಗರದ ಸೀಮೆಯ ಭಟ್ಟರ ಮನೆಯಲ್ಲಿ. ನಮ್ಮ ಮನೆಯೊಳಗೆ ನೀರುಳ್ಳಿ ಬರುತ್ತಿರಲಿಲ್ಲ. ಯಾರೂ ಅದನ್ನು ಬೈಯುತ್ತಿರಲಿಲ್ಲ. ಹಾಗೊಂದು ವಸ್ತು ಲೋಕದಲ್ಲಿ ಇದೆಯೆಂಬ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಇದು ನೀರುಳ್ಳಿಯನ್ನು ನಾಲಿಗೆಗೆ ಸೋಕಿಸದವನು ನೀರುಳ್ಳಿ ಬೆಳೆಯುವುದನ್ನು ಒಂದು ಊರಿಗೇ ಕಲಿಸಹೊರಟ ವರ್ಷದ ನೆನಪು.

ಅರಳಸುರಳಿಯಿಂದ ಎರಡು ಮೈಲಿ ಒಳಗಿನ ಊರು. ಅಲ್ಲಿ ತಿಮ್ಮಪ್ಪಗೌಡರು, ಅವರ ಹೆಂಡತಿ ಸೀತಮ್ಮ. ಊರಿಗೆಲ್ಲ ಸೀತಕ್ಕ, ನನಗೂ ಸೀತಕ್ಕ. ಅವರ ಮನೆಯ ಕೆಳಗೆ, ಹಳ್ಳದ ಮಗ್ಗುಲಿಗೆ ಒಂದು ಗದ್ದೆಯಿತ್ತು. ಭತ್ತದ ಕೊಯ್ಲು ಆದಮೇಲೂ ಆ ಗದ್ದೆಯ ತೇವ ಆರುತ್ತಿರಲಿಲ್ಲ. ಆ ತೇವದ ಮೇಲೆ ಸೀತಕ್ಕ ಪ್ರತಿ ಬೇಸಿಗೆ ಸಣ್ಣ ನೀರುಳ್ಳಿ ಬೆಳೆಯುತ್ತಿದ್ದಳು. ಬೆಳೆಯುವುದೆಂದರೆ, ಹಿಂದಿನ ವರ್ಷದ ಗೆಡ್ಡೆಯನ್ನೇ ಮುಂದಿನ ವರ್ಷ ಊರುವುದು. ಒಂದು ಗೆಡ್ಡೆ ಊರಿದರೆ ಎಪ್ಪತ್ತು ದಿನಕ್ಕೆ ಅದರ ಬುಡದಲ್ಲಿ ಐದಾರು ಮರಿ. ಆ ಗೆಡ್ಡೆಯ ತಳಿಯನ್ನು ಅವಳು ಮದುವೆಯಾಗಿ ಬರುವಾಗ ಹೊಸನಗರದ ಕಡೆಯ ತವರಿನಿಂದ ತಂದಿದ್ದಳಂತೆ. ಕೆಂಪಗೆ, ಹೆಬ್ಬೆರಳಿನ ತುದಿಯಷ್ಟು. ಆ ಊರಿನಲ್ಲಿ ಕೋಳಿ ಸಾರು, ಕಡುಬು ಅಂದರೆ ಸೀತಕ್ಕನ ನೀರುಳ್ಳಿ ಬೇಕೇಬೇಕು ಎನ್ನುವ ಮಾತಿತ್ತು. ಅವಳ ಗಂಡನಿಗೆ ಮಾತ್ರ ಆ ಗದ್ದೆಯ ಮೇಲೆ ಬೇರೆ ಕಣ್ಣಿತ್ತು. ಅಡಿಕೆ ಸಸಿ ಎಬ್ಬಿಸಿ ಇಟ್ಟುಕೊಂಡು, ಎಲ್ಲಿ ನೆಡಲಿ ಎಂದು ಮೂರು ವರ್ಷದಿಂದ ಸುತ್ತುತ್ತಿದ್ದರು.

ನಾನು ಆ ಮನೆಗೆ ಮೊದಲು ಹೋದದ್ದು ಗೋಬರ್ ಗ್ಯಾಸಿನ ಕೆಲಸಕ್ಕೆ. ಸೌದೆ ಉಳಿಯುತ್ತದೆ, ಹೊಗೆ ಇರುವುದಿಲ್ಲ, ಕಣ್ಣುರಿ ಇರುವುದಿಲ್ಲ ಎಂದು ಹೇಳಿ ಹೇಳಿ ಒಪ್ಪಿಸಿದೆ. ಗುಂಡಿ ತೋಡಿಸಿ, ಗ್ಯಾಸು ತುಂಬುವ ಕಬ್ಬಿಣದ ಡೋಲು ಕೂರಿಸಿ, ಒಲೆ ಹೊತ್ತಿಸಿದ ದಿನ ಸೀತಕ್ಕ ನೀಲಿ ಉರಿಯ ಮುಂದೆ ಕೂತು, "ಇದು ಉರೀತಾ ಇದೆಯಾ ಇಲ್ವಾ ಅಂತ ಕೈ ಹಿಡಿದು ನೋಡ್ಬೇಕು" ಎಂದು ನಕ್ಕಿದ್ದಳು. ನನಗೆ ಜಗತ್ತನ್ನೇ ಗೆದ್ದಷ್ಟು ಸಂತೋಷ.

ಆ ಮಳೆಗಾಲ ಮುಗಿದು, ನವರಾತ್ರಿಯ ಹೊತ್ತಿಗೆ ಮತ್ತೆ ಹೋದೆ. ಜಗಲಿ ಹತ್ತುವಾಗಲೇ ಕೆಟ್ಟ ವಾಸನೆ. ಸೀತಕ್ಕ ಅಂಗಳದಲ್ಲಿ ಒಂದು ಬುಟ್ಟಿ ಬೋರಲು ಹಾಕಿ ಕೂತಿದ್ದಳು. ಬುಟ್ಟಿಯಿಂದ ಬಿದ್ದದ್ದು ಕೊಳೆತ ಗೆಡ್ಡೆ; ಅರ್ಧ ಮೊಳಕೆ ಬಂದು ಒಣಗಿದ್ದು, ಅರ್ಧ ಕೈಗೆ ಅಂಟುವಷ್ಟು ಮೆತ್ತಗಾದದ್ದು.

"ಬನ್ನಿ ಭಟ್ರೆ. ನಿಮ್ಮ ಗ್ಯಾಸು ನನ್ನ ಗೆಡ್ಡೆ ತಿಂತು ನೋಡಿ" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಹಳೆಯ ಒಲೆಯ ಮೇಲೆ ಬಿದಿರಿನ ಅಟ್ಟ. ತಲೆಮಾರುಗಳಿಂದ ಗೆಡ್ಡೆಯ ಗೊಂಚಲನ್ನು ಅಲ್ಲಿಯೇ ತೂಗುಹಾಕುತ್ತಿದ್ದದ್ದು. ಕೆಳಗಿನ ಒಲೆಯ ಹೊಗೆ, ಶಾಖ ಎರಡೂ ತಾಗಿ ಗೆಡ್ಡೆಗಳು ಮಳೆಗಾಲದ ಥಂಡಿಯನ್ನು ದಾಟಿಕೊಳ್ಳುತ್ತಿದ್ದವು. ಈ ವರ್ಷ ಕೆಳಗೆ ಹೊಗೆಯೇ ಇಲ್ಲ. ಗೋಡೆ ಬೆವರಿತು, ಅಟ್ಟ ಬೆವರಿತು, ಗೆಡ್ಡೆ ಕೊಳೆಯಿತು. ನಾನು ಹೆಂಗಸಿನ ಕಣ್ಣು ಉಳಿಸಲು ಹೋಗಿ ಅವಳ ತವರಿನ ತಳಿ ಕಳೆದಿದ್ದೆ.

ತಿಮ್ಮಪ್ಪಗೌಡರು ಎಲೆಯಡಿಕೆ ಹಾಕಿಕೊಳ್ಳುತ್ತ, ಬಹಳ ಸಮಾಧಾನದಿಂದ ಹೇಳಿದರು: "ಹೋಗ್ಲಿ ಬಿಡಿ. ಗೆಡ್ಡೆ ಇಲ್ಲ ಅಂದ್ಮೇಲೆ ಗದ್ದೆ ಬೀಳು ಬಿಡಾದು ಎಂತಕ್ಕೆ? ಕೊಯ್ಲು ಆಗಿದ್ದೇ ಬಸಿಗಾಲುವೆ ಹೊಡೆಸ್ತೀನಿ. ಅಡಿಕೆ ಇಡಾದೇ."

"ಅಡಿಕೆ ಇಟ್ಟ ಗದ್ದೆ ಮತ್ತೆ ಗದ್ದೆ ಆಗ್ತದಾ?" ಎಂದಳು ಸೀತಕ್ಕ.

"ಎಂತಕ್ಕೆ ಆಗ್ಬೇಕು?"

ಅವಳು ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಮದುವೆಯಾದಲ್ಲಿಂದ ಆ ಮನೆಯಲ್ಲಿ ಅವಳು ಹೇಳಿದ್ದು ನಡೆಯುತ್ತಿದ್ದ ಜಾಗ ಆ ಗದ್ದೆಯೊಂದೇ ಎನ್ನುವುದು, ಅವಳ ಬೆನ್ನು ನೋಡುತ್ತ ನಿಂತಾಗ ನನಗೆ ಹೊಳೆಯಿತು.

ಆಗ ನೆನಪಾದದ್ದು ಬೀಜ. ಸಣ್ಣ ನೀರುಳ್ಳಿಯನ್ನು ಗೆಡ್ಡೆಯ ಬದಲು ಬೀಜದಿಂದಲೇ ಬೆಳೆಯಬಹುದು ಎಂದು ನಮಗೊಂದು ತರಬೇತಿಯಲ್ಲಿ ಹೇಳಿದ್ದರು. ನಾನು ಅಂದು ಊಟದ ಮೇಲಿನ ತೂಕಡಿಕೆಯಲ್ಲಿದ್ದೆ. ಕೇಳಿಸಿಕೊಂಡದ್ದಿಷ್ಟು: ಬೀಜ ಚೆಲ್ಲಬೇಕು, ಸಸಿ ಎಬ್ಬಿಸಬೇಕು, ಕಿತ್ತು ನೆಡಬೇಕು. ಅಷ್ಟು ಸಾಕು ಎನ್ನಿಸಿತು. ಓಡಾಡಿ, ಕೇಳಿದವರನ್ನೆಲ್ಲ ಕೇಳಿ, ಒಂದು ಡಬ್ಬಿ ಬೀಜ ಹೊಂದಿಸಿದೆ. ದೀಪಾವಳಿಯ ಮರುವಾರ ತಿಮ್ಮಪ್ಪಗೌಡರ ಜಗಲಿಯಲ್ಲಿ ಅಕ್ಕಪಕ್ಕದ ಮನೆಯವರನ್ನೂ ಸೇರಿಸಿದೆ.

ಡಬ್ಬಿಯ ಮುಚ್ಚಳದಲ್ಲಿ ಒಂದು ಚಿಟಿಕೆ ಸುರಿದು ಕೈಯಿಂದ ಕೈಗೆ ದಾಟಿಸಿದರು. ಕರಿ ಎಳ್ಳಿಗಿಂತ ಸಣ್ಣ, ಮೂಲೆ ಮೂಲೆಯಾದ ಕಪ್ಪು ಕಾಳು.

"ಇದ್ರಲ್ಲಿ ನೀರುಳ್ಳಿ ಇದೆ ಅಂತೀರಾ?" ಎಂದರು ಚಿನ್ನಪ್ಪಗೌಡರು. ಆ ಊರಿನ ಹಿರಿಯರು ಅವರು. ನನ್ನ ಗ್ಯಾಸಿಗೆ ಒಪ್ಪದೆ ಸೌದೆ ಒಲೆಯಲ್ಲೇ ಉಳಿದವರು, ಹಾಗಾಗಿ ಅವರ ಅಟ್ಟದಲ್ಲಿ ಗೆಡ್ಡೆ ಗಟ್ಟಿಯಾಗಿತ್ತು. "ಗೆಡ್ಡೆ ಅಂದ್ರೆ ಮನೆ ಮಗಳು ಇದ್ದಂಗೆ ಭಟ್ರೆ. ಸಿಟ್ಟು ಸೆಡವು ಎಲ್ಲ ಗೊತ್ತಿರ್ತದೆ. ಈ ಬೀಜ ಅನ್ನಾದು ಹೊಸ ಸೊಸೆ. ಗುಣ ಗೊತ್ತಾಗೋಕೆ ಒಂದು ವರ್ಷ ಬೇಕು."

"ಒಂದು ವರ್ಷಕ್ಕೆ ಗೊತ್ತಾತಾ ನಿಮ್ಗೆ? ನಮ್ಮತ್ತೆಗೆ ಇಪ್ಪತ್ತು ಬೇಕಾತು" ಎಂದು ಬಾಗಿಲ ಸಂದಿಯಿಂದ ಸೀತಕ್ಕನ ದನಿ. ಜಗಲಿ ನಕ್ಕಿತು.

ಆಮೇಲೆ ಒಬ್ಬೊಬ್ಬರದೇ ತಕರಾರು. ಗೆಡ್ಡೆಯಾದರೆ ಎಪ್ಪತ್ತು ದಿನ. ಬೀಜವಾದರೆ ಸಸಿ ಮಡಿಯಲ್ಲೇ ಒಂದೂವರೆ ತಿಂಗಳು, ನೆಟ್ಟಮೇಲೆ ಮೂರು ತಿಂಗಳು. ಅಷ್ಟರಲ್ಲಿ ಅಶ್ವಿನಿ ಮಳೆ ಬಂದು ಕೂರುವುದಿಲ್ಲವೇ ಎಂದರು ಒಬ್ಬರು. ಗೆಡ್ಡೆ ಒಡೆದು ಐದಾರು ಆಗುತ್ತದೆ, ಬೀಜಕ್ಕೆ ಒಂದಕ್ಕೆ ಒಂದೇ, ಅದರಲ್ಲಿ ಬರಕತ್ತು ಎಲ್ಲಿ ಎಂದರು ಇನ್ನೊಬ್ಬರು. ತಿಮ್ಮಪ್ಪಗೌಡರು, "ಪ್ರತಿ ವರ್ಷ ಬೀಜಕ್ಕೆ ಭಟ್ರ ಬಾಗಿಲು ಕಾಯ್ಬೇಕಾ? ಗೆಡ್ಡೆ ಆದ್ರೆ ನಮ್ಮ ಮನೇದೇ" ಎಂದರು. ತಕರಾರು ಒಂದೂ ಸುಳ್ಳಲ್ಲ. ನಾನೂ ಬಿಡಲಿಲ್ಲ. ಗೆಡ್ಡೆ ಊರಲು ಮೂಟೆಗಟ್ಟಲೆ ಗೆಡ್ಡೆ ಬೇಕು, ಬೀಜವಾದರೆ ಒಂದು ಹಿಡಿ. ಗೆಡ್ಡೆಯನ್ನು ಎಂಟು ತಿಂಗಳು ತಿನ್ನದೆ ಕಾಯಬೇಕು, ಮಳೆಗಾಲದ ಬಾಯಿಗೂ ಬೀಳದಂತೆ ಕಾಯಬೇಕು. ಬೀಜಕ್ಕೆ ಆ ತಾಪತ್ರಯವೇ ಇಲ್ಲ ಎಂದೆ.

"ಕಾಯಾ ತಾಪತ್ರಯ ಮಾಡಿದ್ದೇ ನೀವಲ್ವ ಮಾರಾಯ್ರೆ" ಎಂದರು ಚಿನ್ನಪ್ಪಗೌಡರು.

ಕೊನೆಗೆ ಸೀತಕ್ಕ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಳು. "ಅದೆಲ್ಲ ಇರ್ಲಿ. ನೆಡಾದು ಹೆಂಗೆ? ಗೆಡ್ಡೆ ಆದ್ರೆ ನನ್ನ ಕೈಗೆ ಗೊತ್ತು. ಇದು?"

ನಾನು ಆಗ ಹೇಳಿದ ಮಾತು ಇವತ್ತಿಗೂ ನನಗೆ ಕೇಳಿಸುತ್ತದೆ, ನನ್ನದೇ ದನಿಯಲ್ಲಿ, ಅದೇ ಧೈರ್ಯದಲ್ಲಿ: "ಭತ್ತದ ಹಾಗೇ ಸೀತಕ್ಕ. ಮಡಿ ಮಾಡಿ ಚೆಲ್ಲೋದು, ಸಸಿ ಕಿತ್ತು ನಟ್ಟಿ ಮಾಡೋದು. ನಟ್ಟಿ ಮಾಡೋದನ್ನ ನಿಮ್ಮೂರಿಗೆ ನಾನು ಹೇಳಿಕೊಡಬೇಕಾ?"

ಜಗಲಿಯ ಮುಖಗಳೆಲ್ಲ ಸಡಿಲವಾದವು. ಹೊಸದೆಂದು ಹೆದರಿದ್ದು ಹಳೆಯದೇ ಆಗಿಬಿಟ್ಟಿತ್ತು. ತಿಮ್ಮಪ್ಪಗೌಡರು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, "ಆತು. ಈ ಒಂದು ಬೇಸಿಗೆ ಗದ್ದೆ ಅವಳಿಗೆ. ಬಂದ್ರೆ ನೀರುಳ್ಳಿ, ಬರ್ಲಿಲ್ಲ ಅಂದ್ರೆ ಅಡಿಕೆ. ಆಮೇಲೆ ನನ್ನ ಹತ್ರ ಮಾತಿಲ್ಲ" ಎಂದರು. ಎಲ್ಲರ ಎದುರಿಗೆ ಆಡಿದ ಮಾತು ಅದು. ಎದ್ದು ಹೋಗುವಾಗ ಚಿನ್ನಪ್ಪಗೌಡರು ಸೀತಕ್ಕನಿಗೆ ತಮ್ಮ ಗೆಡ್ಡೆ ಒಂದು ಸಿದ್ದೆ ಅಳೆದು ಕೊಡುವುದಾಗಿ ಹೇಳಿದರು. ಅದಕ್ಕಿಂತ ಹೆಚ್ಚು ಕೊಟ್ಟರೆ ಅವರಿಗೇ ಊರಲು ಸಾಲುತ್ತಿರಲಿಲ್ಲ. ಒಂದು ಸಿದ್ದೆ ಎಂದರೆ ಗದ್ದೆಯ ಒಂದು ಮೂಲೆಗೂ ಬಾರದು.

ಹಿತ್ತಲಲ್ಲಿ ಮಡಿ ಏರಿಸಿ, ಬೂದಿ ಬೆರೆಸಿದ ಬೀಜ ಚೆಲ್ಲಿ, ಹುಲ್ಲು ಮುಚ್ಚಿದಳು ಸೀತಕ್ಕ. ಒಂಬತ್ತನೆಯ ದಿನ ಹುಲ್ಲು ಸರಿಸಿ ನೋಡಿದರೆ ಹಸಿರು ನೂಲನ್ನು ಮಡಿಸಿ ಊರಿದ ಹಾಗೆ, ಮೊಣಕಾಲು ಮೊದಲು ಹೊರಗೆ ಹಾಕಿ ಮೊಳಕೆಗಳು ಎದ್ದಿದ್ದವು. "ತಲೆ ಒಳಗೆ ಬಿಟ್ಟು ಬಂದಿದಾವಲ್ಲ ಇವು" ಎಂದು ಅವಳಿಗೆ ಅಚ್ಚರಿ. ನಾನು ಅದೂ ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ.

ಭತ್ತ ಕೊಯ್ದು ಕಣಕ್ಕೆ ಹೋಯಿತು. ತಿಮ್ಮಪ್ಪಗೌಡರು ಮಾತಿಗೆ ತಪ್ಪುವವರಲ್ಲ; ತಾವೇ ಎತ್ತು ಕಟ್ಟಿ, ಹಳ್ಳದ ನೀರು ತಿರುಗಿಸಿ, ಗದ್ದೆಯನ್ನು ನಟ್ಟಿಗೆ ಮಾಡುವ ಹಾಗೆ ಹೂಡಿ ಕೆಸರು ಮಾಡಿಕೊಟ್ಟರು. ಸೀತಕ್ಕ ಕೆಸರು ನೋಡಿ ನಿಂತು, "ನೀರುಳ್ಳಿಗೆ ಕೆಸರು ಆಗ್ತದಾ ಭಟ್ರೆ?" ಎಂದಳು.

"ಗೆಡ್ಡೆಗೆ ಆಗಲಿಕ್ಕಿಲ್ಲ. ಸಸಿಗೆ ಆಗ್ತದೆ" ಎಂದೆ. ಎಲ್ಲಿಂದ ತಂದೆನೋ ಆ ಉತ್ತರ.

ನಟ್ಟಿಗೆ ಬಂದವರು ಬೆಳ್ಳಮ್ಮ ಮತ್ತು ಅವಳ ಕೂಟದ ಏಳು ಹೆಂಗಸರು. ಬೆಳ್ಳಮ್ಮನ ಕೈ ಆ ಸೀಮೆಯಲ್ಲಿ ಹೆಸರಾದ ಕೈ. ಸೊಂಟ ಬಗ್ಗಿಸಿದರೆ ಗದ್ದೆಯ ಆ ತುದಿಯಿಂದ ಈ ತುದಿಗೆ ಬರುವವರೆಗೆ ಎತ್ತುತ್ತಿರಲಿಲ್ಲ. ಮೂರು ನಾಲ್ಕು ಸಸಿಯನ್ನು ಒಟ್ಟಿಗೆ ಹಿಡಿದು, ಹೆಬ್ಬೆರಳು ಮುಳುಗುವಷ್ಟು ಆಳಕ್ಕೆ ಚುಚ್ಚಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬಂದರು. ಮಾತು, ನಗೆ, ನನ್ನ ಮೇಲೊಂದು ಹಾಸ್ಯ: "ಭಟ್ರು ಮುಂದಿನ ವರ್ಷ ಬದನೆಕಾಯಿಗೂ ನಟ್ಟಿ ಮಾಡಿಸ್ತಾರೆ ನೋಡ್ರೇ." ಮಧ್ಯಾಹ್ನದೊಳಗೆ ಗದ್ದೆ ಮುಗಿಯಿತು. ಅಂಚಿನ ಮೇಲೆ ನಿಂತು ನೋಡಿದರೆ ಸಾಲು ಸಾಲು, ಅಂದವಾದ ಭತ್ತದ ನಟ್ಟಿ. ಅಂದ ನೋಡಿ ನಾನು ಹಿಗ್ಗಿದೆ.

ಸಂಜೆಯ ಹೊತ್ತಿಗೆ ಸೀತಕ್ಕನ ಹತ್ತಿರ ಎರಡು ಕಟ್ಟು ಸಸಿ ಉಳಿದಿತ್ತು. ಗದ್ದೆಯಲ್ಲಿ ಜಾಗವಿಲ್ಲ, ಬಿಸಾಡಲು ಮನಸ್ಸಿಲ್ಲ. ಹಳ್ಳದ ಕಡೆಯ ಅಂಚು ಅಗಲ ಬದು, ಅದರ ಮೇಲೆ ಪುಡಿ ಮಣ್ಣಿತ್ತು. ಆ ಅಂಚಿನ ಒಂದು ತುದಿಗೆ ಚಿನ್ನಪ್ಪಗೌಡರು ಕೊಟ್ಟ ಗೆಡ್ಡೆ ಊರಿದಳು. ಉಳಿದ ಉದ್ದಕ್ಕೂ ಸಸಿ ಹಾಕಿಕೊಂಡು ಹೋದಳು. ಗೆಡ್ಡೆ ಊರಿ ಪಳಗಿದ ಕೈ ಅದು; ಗೆಡ್ಡೆಗೆ ಮಾಡಿದಂತೆಯೇ ಒಂದೊಂದೇ ಸಸಿ, ನಡುವೆ ನಾಲ್ಕು ಬೆರಳು ಬಿಟ್ಟು, ಬುಡಕ್ಕೆ ಮಾತ್ರ ಮಣ್ಣು ತಾಗಿಸಿ ನಿಲ್ಲಿಸಿದಳು. ಅರ್ಧದಷ್ಟು ಸಸಿ ಮಕಾಡೆ ಬಿದ್ದುಕೊಂಡಿದ್ದವು. ನಾನು ನೋಡಿ, "ಗಟ್ಟಿ ನೆಡಿ ಸೀತಕ್ಕ, ಬಿದ್ದುಹೋಗ್ತವೆ" ಎಂದೂ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ದೇವರು ದೊಡ್ಡವನು.

ಮಾಘ ಮಾಸದಲ್ಲಿ ಗದ್ದೆ ಕಣ್ಣು ತುಂಬುವಷ್ಟು ಹಸಿರಾಯಿತು. ಮೊಣಕಾಲೆತ್ತರದ ಸೊಪ್ಪು ಗಾಳಿಗೆ ಬಾಗಿ ಏಳುತ್ತಿತ್ತು. ದಾರಿಹೋಕರು ನಿಂತು ನೋಡುತ್ತಿದ್ದರು. ನಾನು ಮೇಲಿನವರಿಗೆ ಬರೆದ ವರದಿಯಲ್ಲಿ "ಬೆಳೆ ಅತ್ಯುತ್ತಮ" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೆ.

ಶಿವರಾತ್ರಿ ಕಳೆದ ಒಂದು ಬೆಳಿಗ್ಗೆ ಹೋದಾಗ ತಿಮ್ಮಪ್ಪಗೌಡರು ಗದ್ದೆಯ ನಡುವೆ ನಿಂತಿದ್ದರು. ನನ್ನನ್ನು ಕಂಡವರೇ ಬಗ್ಗಿ ಒಂದು ಬುಡವನ್ನು ಜಗ್ಗಿ ಕಿತ್ತು, ಕೆಸರು ಕೊಡವಿ, ನನ್ನ ಕೈಗೆ ಕೊಟ್ಟರು. ನಾಲ್ಕು ಸಸಿ ಒಂದಕ್ಕೊಂದು ಅಮರಿಕೊಂಡು, ಉದ್ದಕ್ಕೆ, ಬೆಳ್ಳಗೆ, ಇಲಿಯ ಬಾಲದ ಹಾಗೆ ಇದ್ದವು. ಗೆಡ್ಡೆ ಇರಬೇಕಾದ ಕಡೆ ಏನೂ ಇರಲಿಲ್ಲ.

"ಎಂತ ಭಟ್ರೆ ಇದು? ದನಕ್ಕೆ ಹಾಕಾದಾ?"

ನಾನು ಆ ಬುಡವನ್ನು ತಿರುಗಿಸಿ ಮುರುಗಿಸಿ ನೋಡಿದೆ. "ಇನ್ನೂ ಸ್ವಲ್ಪ ದಿನ ಹೋದರೆ..." ಎಂದು ಶುರು ಮಾಡಿದೆ.

ತಿಮ್ಮಪ್ಪಗೌಡರು ನನ್ನನ್ನೇ ನೋಡುತ್ತಿದ್ದರು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ನೀವು ಹುಟ್ಟಿದ ಮೇಲೆ ನೀರುಳ್ಳಿ ತಿಂದಿದೀರಾ?"

"ಇಲ್ಲ" ಎಂದೆ.

"ಬೆಳೆಯಾದು ನೋಡಿದೀರಾ?"

"ಇಲ್ಲ."

ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಅಂಚಿಗೆ ಹತ್ತಿ ಕಾಲಿನ ಕೆಸರು ಒರೆಸಿಕೊಂಡು, "ಅಡಿಕೆ ಸಸಿಗೆ ನೀರು ಹಾಕಿ ಬರ್ತೀನಿ" ಎಂದು ಹೊರಟರು. ಆ ಮಾತೇ ತೀರ್ಪು.

"ಇಲ್ಲಿ ಬನ್ನಿ" ಎಂದಳು ಸೀತಕ್ಕ. ಅವಳು ಹಳ್ಳದ ಕಡೆಯ ಅಂಚಿನ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಹೋಗಿ ನೋಡಿದೆ. ಮಕಾಡೆ ಬಿದ್ದಿದ್ದ ಸಸಿಗಳೆಲ್ಲ ಎದ್ದು ನಿಂತಿದ್ದವು. ಸೊಪ್ಪು ಗದ್ದೆಯದರ ಅರ್ಧದಷ್ಟೂ ಇಲ್ಲ. ಆದರೆ ಒಂದೊಂದರ ಬುಡದಲ್ಲೂ ಮಣ್ಣಿನ ಮೇಲೆ ಕೆಂಪು ಭುಜ ಕಾಣಿಸುತ್ತಿತ್ತು. ಗೋಲಿಯಷ್ಟಾಗಿದ್ದ ನೀರುಳ್ಳಿ, ನೆಲದಲ್ಲಿ ಹುಗಿದುಕೊಂಡಿರದೆ ನೆಲದ ಮೇಲೆ ಕೂತಿತ್ತು.

"ಭತ್ತಕ್ಕೆ ತೆನೆ ಬರಾದು ಮೇಲೆ. ಬುಡ ಎಷ್ಟು ಹೂತ್ರೂ ಅದಕ್ಕೆ ಎಂತದೂ ಇಲ್ಲ" ಎಂದಳು. "ಇದಕ್ಕೆ ಬುಡದಲ್ಲೇ ಬಸಿರು. ಹೂತು ಹಾಕಿ, ಮೇಲೆ ಕೆಸರು ಒತ್ತಿ, ನಾಲ್ಕು ನಾಲ್ಕು ಒಟ್ಟಿಗೆ ಕಟ್ಟಿ ನಿಲ್ಸಿದ್ರೆ ಎಲ್ಲಿ ಊದ್ತದೆ? ಜಾಗ ಬೇಡ್ವಾ?"

ನಾನು ಅಲ್ಲೇ ಕೂತುಬಿಟ್ಟೆ. ತಪ್ಪು ಬೆಳ್ಳಮ್ಮನ ಕೈಯದಲ್ಲ, ಬೀಜದ್ದಲ್ಲ. ಜಗಲಿಯ ಮೇಲೆ ನಾನು ಆಡಿದ ಒಂದು ಮಾತಿನದು. "ನನ್ನಿಂದ ಆಯ್ತು ಸೀತಕ್ಕ. ಅವರಿಗೆ ನಾನೇ ಹೇಳ್ತೀನಿ" ಎಂದೆ.

"ಹೇಳಿದ್ರೆ ಗೆಡ್ಡೆ ಊದ್ತದಾ? ಅಂಗಿ ತೋಳು ಮಡಚಿ."

ಅವಳು ಅದಾಗಲೇ ಗದ್ದೆಯ ಒಂದು ಸಾಲನ್ನು ಬಿಡಿಸಿ ನೋಡಿದ್ದಳು. ನೀರು ನಿಲ್ಲಿಸಬೇಕು, ಕೆಸರು ಬಸಿಯಬೇಕು, ಒಂದೊಂದು ಬುಡದ ಸುತ್ತಲ ಮಣ್ಣನ್ನು ಬೆರಳಲ್ಲಿ ಕೆದರಿ ತೆಗೆಯಬೇಕು, ಗುಂಪಿನಲ್ಲಿ ಒಂದೋ ಎರಡೋ ಉಳಿಸಿ ಮಿಕ್ಕದ್ದನ್ನು ಕಿತ್ತು ಸೊಪ್ಪಿಗೆ ಕೊಡಬೇಕು. ಎಲ್ಲ ಅವಳದೇ ಲೆಕ್ಕಾಚಾರ. ಮರುದಿನ ನಾನು ಮೂರು ದಿನದ ರಜೆ ಬರೆದುಕೊಟ್ಟು ಬಂದೆ. ಬೆಳ್ಳಮ್ಮನೂ ತನ್ನವರನ್ನು ಕರೆದುಕೊಂಡು ಬಂದಳು. ವಿಷಯ ತಿಳಿದು ಅವಳಿಗೆ ನಗುವೋ ಸಿಟ್ಟೋ ಗೊತ್ತಾಗದ ಮುಖ. "ನನ್ನ ಕೈ ನೆಟ್ಟಿದ್ದನ್ನ ನಾನೇ ಕೀಳಾದು ಇದೇ ಮೊದ್ಲು ಭಟ್ರೆ. ಇನ್ನು ಮೇಲೆ ನೀವು ಹೇಳಿದ್ರೆ ನಮ್ಮತ್ತೆ ಹತ್ರ ಕೇಳ್ಕಂಡು ಬರ್ತೀನಿ."

ಮೊದಲ ದಿನ ಮಧ್ಯಾಹ್ನ ತಿಮ್ಮಪ್ಪಗೌಡರು ಹಾರೆ, ಗುದ್ದಲಿ ಹೊತ್ತುಕೊಂಡು ಬಂದರು. ಗದ್ದೆಯ ಉದ್ದಕ್ಕೆ ಹಗ್ಗ ಹಿಡಿದು ಕಾಲುವೆ ಕಡಿಯತೊಡಗಿದರು. ಎಲ್ಲರೂ ಕೈ ನಿಲ್ಲಿಸಿದೆವು.

"ಎಂತ ನೋಡ್ತೀರಿ? ನೀರು ಬಸೀಬೇಕು ಅಂತ ಅವಳೇ ಹೇಳಿದ್ಲಲ್ಲ" ಎಂದರು. "ಬಸಿಗಾಲುವೆ ಹೊಡೀತೀನಿ. ನೀರುಳ್ಳಿಗೆ ಆದ್ರೆ ನೀರುಳ್ಳಿಗೆ ಆತು. ಆಗ್ಲಿಲ್ಲ ಅಂದ್ರೆ ಅಡಿಕೆಗೆ ಆತು."

"ಎರಡೂ ಕಡೆ ಕಾಲಿಡಾದು ಇವ್ರಿಗೆ ಮೊದ್ಲಿಂದಲೂ ಇದೆ" ಎಂದು ಸೀತಕ್ಕ ಕೆಸರಿಗೆ ಹೇಳಿದಳು.

ಮೂರು ದಿನ ಮಂಡಿಯೂರಿ ಕೆದರಿದೆವು. ನನ್ನ ಉಗುರಿನ ಸಂದಿಯಲ್ಲಿ, ಅಂಗಿಯ ತೋಳಿನಲ್ಲಿ, ಕೂದಲಲ್ಲಿ ನೀರುಳ್ಳಿ. ಆಮೇಲೂ ಬಿಡುವಾದಾಗೆಲ್ಲ ಹೋಗಿ ಕೆದರುತ್ತಿದ್ದೆ. ಯುಗಾದಿಗೆ ಊರಿಗೆ ಹೋದೆ. ಹುಣಿಸೆಹಣ್ಣು ಹಾಕಿ ತಿಕ್ಕಿದ್ದೆ, ಬೂದಿ ಹಾಕಿ ತಿಕ್ಕಿದ್ದೆ. ಅಮ್ಮ ಬೇವುಬೆಲ್ಲ ಕೊಡುವಾಗಲೇ ಹಿಡಿದಳು.

"ಎಂತದೋ ಇದು, ನಿನ್ನ ಕೈ ಹಿಂಗೆ ವಾಸನೆ ಬತ್ತು?"

ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಗ್ಯಾಸಿನಿಂದ ಹಿಡಿದು ಇಲಿಬಾಲದವರೆಗೆ ಎಲ್ಲ ಹೇಳಿದೆ. ಅಮ್ಮ ಕೇಳಿಸಿಕೊಂಡು ಎದ್ದು, ಎಲೆಯನ್ನು ಜಗಲಿಯ ತುದಿಗೆ ಹಾಕಿದಳು. "ಇವತ್ತು ಇಲ್ಲೇ ಉಣ್ಣು. ಒಳಗೆ ಬಪ್ಪದು ಬೇಡ" ಎಂದಳು. ಅನ್ನ ಬಡಿಸಿದಳು, ಸಾರು ಬಡಿಸಿದಳು, ಪಾಯಸಕ್ಕೆ ಹೋದವಳು ಸೌಟು ಹಿಡಿದು ಹಾಗೇ ತಿರುಗಿ ಬಂದಳು.

"ಆ ಹೆಂಗಸಿನ ಗದ್ದೆ ಉಳಿತಾ ಇಲ್ಯ?"

"ಗೊತ್ತಿಲ್ಲೆ ಅಮ್ಮ."

"ಮತ್ತೆ ಇಲ್ಲಿ ಎಂತಕ್ಕೆ ಕೂತಿದ್ದೆ? ಉಂಡು ಹೊರಡು."

ಅಶ್ವಿನಿ ಮಳೆ ಆ ವರ್ಷ ಅವಸರ ಮಾಡಿತು. ಆಗುಂಬೆಯ ದಿಕ್ಕಿನಲ್ಲಿ ಎರಡು ದಿನದಿಂದ ಮೋಡ ಕಟ್ಟುತ್ತಿತ್ತು. ಬಲಿತ ನೀರುಳ್ಳಿಗೆ ಮಳೆ ಬಿದ್ದರೆ ಕೊಳೆತಂತೆಯೇ ಲೆಕ್ಕ. ಸೀತಕ್ಕ ಮಡಚಿ ಬಿದ್ದ ಸೊಪ್ಪು ನೋಡಿ, "ಇವತ್ತೇ" ಎಂದಳು. ಬೆಳಿಗ್ಗೆಯಿಂದ ಕಿತ್ತೆವು. ಚಿನ್ನಪ್ಪಗೌಡರೂ ಬಂದು ಅಂಚಿನ ಮೇಲೆ ಕೂತು ಕಟ್ಟು ಕಟ್ಟಿಕೊಟ್ಟರು.

ಗದ್ದೆಯದು ಹೇಗಿತ್ತೆಂದರೆ, ಕೆದರಿದ ಸಾಲುಗಳಲ್ಲಿ ಬಹುಪಾಲು ಗೆಡ್ಡೆ ಕಟ್ಟಿತ್ತು. ಆದರೆ ಸಣ್ಣದು, ಕತ್ತು ದಪ್ಪ. ನಮ್ಮ ಕೈ ತಲುಪದೆ ಬಿಟ್ಟ ಕೊನೆಯ ಸಾಲುಗಳಲ್ಲಿ ಇಲಿಬಾಲವೇ. ಗೆಡ್ಡೆ ಊರಿದ ವರ್ಷಗಳಲ್ಲಿ ಆಗುತ್ತಿದ್ದದ್ದರ ಅರ್ಧಕ್ಕೆ ಬಂದಿರಬಹುದು. ಅಂಚಿನದೇ ಬೇರೆ. ಮೊದಲೇ ಬಲಿತಿದ್ದರೂ ಹೋಲಿಸಿ ನೋಡಲೆಂದು ಕೀಳದೆ ಬಿಟ್ಟಿದ್ದ ಚಿನ್ನಪ್ಪಗೌಡರ ಗೆಡ್ಡೆ ಎಂದಿನಂತೆ ಐದಾರಾಗಿ ಒಡೆದಿತ್ತು. ಅದರ ಪಕ್ಕದಲ್ಲೇ ಬೀಜದ್ದು, ಒಂದಕ್ಕೆ ಒಂದೇ, ಕೆಲವು ಕಡೆ ಎರಡು. ಆದರೆ ಒಂದೊಂದೂ ಗುಂಡಗೆ, ಒಂದೇ ಅಳತೆಗೆ, ಗಟ್ಟಿ.

ಚಿನ್ನಪ್ಪಗೌಡರು ಬೀಜದ್ದನ್ನು ಒಂದು ಎತ್ತಿಕೊಂಡು, ಅಂಗೈಯಲ್ಲಿ ಜಜ್ಜಿ ಬಾಯಿಗೆ ಹಾಕಿದರು. ಆಮೇಲೆ ತಮ್ಮದೇ ಗೆಡ್ಡೆಯದೊಂದನ್ನು ಹಾಕಿದರು. ನಿಧಾನವಾಗಿ ಅಗಿದರು.

"ಖಾರ ನಮ್ಮದರದ್ದೇ ಜಾಸ್ತಿ" ಎಂದರು. "ಆದ್ರೆ ಸೊಸೆ ಕೆಲಸಗಾತಿ. ಸರಿಯಾಗಿ ಕರ್ಕಂಡು ಬಂದ್ರೆ ಮನೆ ನಡೆಸ್ತಾಳೆ."

ತಿಮ್ಮಪ್ಪಗೌಡರು ಅಂಚಿನ ಕಟ್ಟುಗಳನ್ನು ಒಂದು ಕಡೆ, ಗದ್ದೆಯ ಕಟ್ಟುಗಳನ್ನು ಒಂದು ಕಡೆ ಇಟ್ಟು ನೋಡುತ್ತ ನಿಂತರು. ಸೀತಕ್ಕ ಕೀಳುವುದನ್ನು ನಿಲ್ಲಿಸಲಿಲ್ಲ, ಆದರೆ ಅವಳ ಕೈ ನಿಧಾನವಾಯಿತು. ಅವರು ಅಂಚಿನ ಉದ್ದಕ್ಕೂ ಹೆಜ್ಜೆ ಹಾಕಿದರು. ಮತ್ತೆ ಗದ್ದೆಯ ಅಗಲಕ್ಕೆ ಹೆಜ್ಜೆ ಹಾಕಿದರು. ಒಂದು ಅಂಚಿಗೆ ಇಷ್ಟಾದರೆ ಇಡೀ ಗದ್ದೆಗೆ ಎಷ್ಟು ಎಂದು ಅಳೆಯುತ್ತಿದ್ದರು ಎನ್ನುವುದು ನಮಗೆಲ್ಲ ಗೊತ್ತಾಯಿತು. ನಮಗೆ ಗೊತ್ತಾದದ್ದು ಅವರಿಗೂ ತಿಳಿದು, ಮುಖ ಹಳ್ಳದ ಕಡೆ ತಿರುಗಿಸಿದರು.

"ಅಡಿಕೆ ಸಸಿ ಮೇಲಿನ ಗದ್ದೆಗೆ ಇಡ್ತೀನಿ" ಎಂದರು. "ಅಲ್ಲಿಗೆ ನೀರು ಹತ್ತಿಸಾದು ಕಷ್ಟ. ಆದ್ರೂ ಅಲ್ಲೇ ಇಡ್ತೀನಿ. ಇದು ಅವಳದ್ದು ಅವಳ ಹತ್ರ ಇರ್ಲಿ." ಸ್ವಲ್ಪ ಬಿಟ್ಟು, "ಭಟ್ರೆ, ಬರೋ ವರ್ಷ ಬೀಜಕ್ಕೆ ಮಾತ್ರ ನೀವು ಬನ್ನಿ. ನೆಡಕ್ಕೆ ಬರಬೇಡಿ."

ಬೆಳ್ಳಮ್ಮ ನಕ್ಕದ್ದು ಹಳ್ಳದ ಆಚೆಗೂ ಕೇಳಿಸಿರಬೇಕು. ಸೀತಕ್ಕ ನಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನೀರುಳ್ಳಿ ಕಿತ್ತ ಕೈ ಮುಖಕ್ಕೆ ಹೋದಾಗ ಕಣ್ಣಲ್ಲಿ ನೀರು ಬಂದರೆ ಯಾರೂ ಕಾರಣ ಕೇಳುವುದಿಲ್ಲ.

ಮುಂದೆ ನಾನು ಹೊಸನಗರ, ಸಾಗರದ ಹಳ್ಳಿಗಳಲ್ಲೆಲ್ಲ ಕೆಲಸ ಮಾಡಿದೆ. ಗೆಡ್ಡೆಯೋ ಬೀಜವೋ ಎಂದು ಕೇಳಿದವರಿಗೆ ಹೇಳಿದ್ದು ಒಂದೇ: ಅಟ್ಟದಲ್ಲಿ ಒಳ್ಳೆಯ ಗೆಡ್ಡೆ ಉಳಿದಿದ್ದರೆ ಗೆಡ್ಡೆ ಊರಿ, ಅದರ ಸಮಕ್ಕೆ ಬೀಜ ಬಾರದು. ಉಳಿದಿಲ್ಲವೆಂದರೆ ಅಳುತ್ತ ಕೂರಬೇಡಿ, ಬೀಜ ಚೆಲ್ಲಿ. ಆಗ ಅವರು ಕೇಳುತ್ತಿದ್ದರು, ನೆಡುವುದು ಹೇಗೆ ಎಂದು. ನಾನು ಚೀಲದಿಂದ ಒಂದು ಹಳೆಯ ಡೈರಿ ತೆಗೆದು ಓದಿ ಹೇಳುತ್ತಿದ್ದೆ. ಅದರಲ್ಲಿದ್ದದ್ದು ಕಟ್ಟುಗಳೆಲ್ಲ ಮನೆ ಸೇರಿದ ಮೇಲೆ, ಅದೇ ದಿನ ಸೀತಕ್ಕ ಬರೆಸಿದ್ದು.

ಅವಳು ಜಗಲಿಯಲ್ಲಿ ಸೊಪ್ಪು ಹೆಣೆಯುತ್ತಿದ್ದಳು, ನಾನು ಮೆಟ್ಟಿಲ ಮೇಲೆ. ಹೊರಗೆ ಮಳೆಯ ಮೊದಲ ಹನಿ ಬೀಳುತ್ತಿತ್ತು. ಮುಂದಿನ ವರ್ಷಕ್ಕೆ ಇನ್ನೂ ಚೆನ್ನಾಗಿ ಹೇಗೆ ಮಾಡಬಹುದೆಂದು ನಾನು ಬಾಯಿ ತೆಗೆದೆ.

"ನೀವು ಹೇಳಬೇಡಿ. ನಾನು ಹೇಳ್ತೀನಿ, ನೀವು ಬರ್ಕಳಿ" ಎಂದಳು.

ಬರೆದುಕೊಂಡೆ. ಕೆಸರು ಕೂಡದು. ಒಂದೊಂದೇ ಸಸಿ. ನಡುವೆ ನಾಲ್ಕು ಬೆರಳು. ಸಸಿ ಬಿದ್ದರೆ ಹೆದರಬಾರದು, ತಾನೇ ಏಳುತ್ತದೆ.

"ಎಂತ ಬರೆದ್ರಿ, ಓದಿ ನೋಡೋಣ."

ಓದಿದೆ. ಕೊನೆಯಲ್ಲಿ ನಾನೇ ಸೇರಿಸಿದ್ದ ಒಂದು ಸಾಲಿತ್ತು: ಹೆಚ್ಚು ಆಳಕ್ಕೆ ನೆಡಬಾರದು.

"ಹಂಗೆ ಬರೆದ್ರೆ ಯಾರಿಗೆ ತಿಳೀತದೆ? ಬೆಳ್ಳಮ್ಮಂಗೆ ಹೆಬ್ಬೆರಳು ಮುಳುಗಿದ್ರೂ ಅದು ಆಳ ಅಲ್ಲ" ಎಂದಳು ಸೀತಕ್ಕ. ಹೆಣೆಯುವುದನ್ನು ಬಿಟ್ಟು ತೋರುಬೆರಳನ್ನು ನನ್ನ ಮುಂದೆ ಹಿಡಿದಳು. ಮಣ್ಣು ಕಪ್ಪಗೆ ಕೂತ ಉಗುರು. "ಇಷ್ಟು. ಉಗುರು ಮುಳುಗೋಷ್ಟು. ಹಂಗಂತ ಬರೀರಿ."

ನಾನು ಆ ಸಾಲು ಹೊಡೆದುಹಾಕಿ, ಅವಳು ಹೇಳಿದಂತೆ ಬರೆದೆ.